ಬೆಂಗ್ರೆಯ ಬಿಸಿಲಿಗೆ ಇಪ್ಪತ್ತರ ಮುಖ

ಏಪ್ರಿಲ್ 24ರ ಆಸುಪಾಸಿನಲ್ಲಿ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಮಂಗಳೂರಿನ ಬೆಂಗ್ರೆಯ ಮರಳಿನಲ್ಲಿ ನೆಟ್ಟಗೆ ಊರಿದ ಕೋಲಿಗೆ ನೆರಳಿರುವುದಿಲ್ಲ. ಸೂರ್ಯ ನೆತ್ತಿಯ ನೇರಕ್ಕೆ ಬಂದಿರುತ್ತಾನೆ. ಮಂಗಳೂರು ಇರುವುದು ಸುಮಾರು 12.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹಾಗಾಗಿ ಇದು ವರ್ಷಕ್ಕೆ ಎರಡು ಸಲ. ಎರಡನೆಯದು ಆಗಸ್ಟ್ 18ರ ಹೊತ್ತಿಗೆ, ಮೋಡ ಬಿಟ್ಟುಕೊಟ್ಟರೆ. ಹನ್ನೆರಡು ಗಂಟೆ ಬಿಟ್ಟು ಹನ್ನೆರಡೂವರೆ ಏಕೆ ಎಂದರೆ, ನಮ್ಮ ಕೈಗಡಿಯಾರ ನಡೆಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಾವು ಅಲ್ಲಿಂದ ಏಳೂಮುಕ್ಕಾಲು ಡಿಗ್ರಿಯಷ್ಟು ಪಡುವಣಕ್ಕಿದ್ದೇವೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮ್ಮಲ್ಲಿಗೆ ಅರ್ಧ ಗಂಟೆ ತಡವಾಗಿ ಬರುತ್ತಾನೆ. ಬಿಸಿಲಿನಿಂದ ದೂರ ಇರಬೇಕಾದ್ದು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಎಂದು ಪುಸ್ತಕದಲ್ಲಿ ಓದಿದವರು ಕರಾವಳಿಯಲ್ಲಿ ಅದನ್ನು ಅರ್ಧ ಗಂಟೆ ಮುಂದಕ್ಕೆ ತಳ್ಳಿಕೊಳ್ಳಬೇಕು.

ಗಡಿಯಾರವೇ ಬೇಡ ಎನ್ನುವವರಿಗೆ ಇನ್ನೊಂದು ಉಪಾಯವಿದೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ, ಅತಿನೇರಳೆ ಕಿರಣ ಜೋರಾಗಿದೆ ಎಂದು ಅರ್ಥ. ಏಪ್ರಿಲ್ ಕೊನೆಯಲ್ಲಿ ಈ ಲೆಕ್ಕದ ಬಿಸಿಲು ಬೆಳಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಮೂರೂವರೆಯವರೆಗೂ ಇರುತ್ತದೆ. ಡಿಸೆಂಬರ್ ಬಂದರೆ ಪಾರಾದೆವು ಎಂದುಕೊಳ್ಳುವಂತಿಲ್ಲ. ಡಿಸೆಂಬರ್ 21ರ ನಡುಹಗಲಿನಲ್ಲೂ ಮಂಗಳೂರಿನಲ್ಲಿ ಸೂರ್ಯ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಲಂಡನ್ನಿನವರು ಅಷ್ಟು ಎತ್ತರದ ಸೂರ್ಯನನ್ನು ನೋಡಲು ಮೇ ತಿಂಗಳವರೆಗೆ ಕಾಯಬೇಕು. ನಮ್ಮ ಚಳಿಗಾಲದ ಬಿಸಿಲು ಅವರ ಬೇಸಿಗೆಯ ಬಾಗಿಲಿನ ಬಿಸಿಲು. ‘ಸಮ್ಮರ್ ಸ್ಕಿನ್‌ಕೇರ್’ ಎಂದು ಮೂರು ತಿಂಗಳಿಗೆ ಸೀಮಿತವಾದ ಜಾಹೀರಾತುಗಳನ್ನು ಯಾರು ಯಾವ ಊರಿಗೆ ಬರೆದರೋ ತಿಳಿಯದು, ಪಣಂಬೂರು–ಉಳ್ಳಾಲದವರಿಗಂತೂ ಬರೆದದ್ದಲ್ಲ.

ಅದೇ ಜಾಹೀರಾತುಗಳು ಈಚೆಗೆ ಇನ್ನೊಂದು ಮಾತು ಹಿಡಿದಿವೆ. ಮುಪ್ಪು ತಡೆಯುವ ಕೆಲಸ ಇಪ್ಪತ್ತರಲ್ಲೇ ಶುರುವಾಗಬೇಕಂತೆ. ಬೆಳಗ್ಗೆ ಸೀರಮ್, ಅದರ ಮೇಲೆ ಮಾಯಿಶ್ಚರೈಸರ್, ಅದರ ಮೇಲೆ ಸನ್‌ಸ್ಕ್ರೀನ್, ರಾತ್ರಿಗೆ ರೆಟಿನಾಲ್, ವಾರಕ್ಕೊಮ್ಮೆ ಪೀಲ್. ಇದರಲ್ಲಿ ಎಷ್ಟು ನಿಜ, ಎಷ್ಟು ವ್ಯಾಪಾರ ಎಂದು ನೋಡಲು ಬೆಂಗ್ರೆಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ.

ಪಡುವಣಕ್ಕೆ ಅರಬ್ಬಿ ಸಮುದ್ರ, ಮೂಡಣಕ್ಕೆ ಫಲ್ಗುಣಿ ನದಿ, ತೆಂಕಣಕ್ಕೆ ನೇತ್ರಾವತಿಯೂ ಬಂದು ಸೇರುವ ಅಳಿವೆಬಾಗಿಲು. ಈ ಮೂರರ ನಡುವೆ ಚಾಚಿಕೊಂಡ ಮರಳಿನ ನಾಲಗೆಯೇ ಬೆಂಗ್ರೆ. ಕಸಬಾ ಬೆಂಗ್ರೆ, ತೋಟ ಬೆಂಗ್ರೆ ಎಂದು ಒಳಗೇ ಹೆಸರುಗಳಿವೆ. ಮೊಗವೀರರು, ಬ್ಯಾರಿಗಳು ಅಕ್ಕಪಕ್ಕ ಬಾಳುವ ಮೀನುಗಾರಿಕೆಯ ಊರು. ಎದುರು ದಡದಲ್ಲಿ ಹಳೆ ಬಂದರು, ದಕ್ಕೆ, ಅದರ ಹಿಂದೆ ಇಡೀ ಪೇಟೆ. ಫೆರಿ ದೋಣಿಯಲ್ಲಿ ದಾಟಿದರೆ ಕೆಲವೇ ನಿಮಿಷ, ರಸ್ತೆ ಹಿಡಿದರೆ ತಣ್ಣೀರುಬಾವಿ, ಪಣಂಬೂರು, ಕೂಳೂರು ಎಂದು ಊರೆಲ್ಲ ಸುತ್ತಬೇಕು. ಇಲ್ಲಿನ ಇಪ್ಪತ್ತರ ಹರೆಯದವರನ್ನು ಎರಡು ಬಗೆಯಾಗಿ ನೆನೆದುಕೊಳ್ಳಿ. ಒಬ್ಬಳು ಬೆಳಗ್ಗೆ ಫೆರಿ ಹತ್ತಿ ಹಂಪನಕಟ್ಟೆಯ ಬಟ್ಟೆ ಅಂಗಡಿಗೋ ನರ್ಸಿಂಗ್ ಹೋಮಿಗೋ ಕೆಲಸಕ್ಕೆ ಹೋಗುತ್ತಾಳೆ, ಟ್ಯೂಬ್‌ಲೈಟಿನ ಕೆಳಗೆ ದಿನ ಕಳೆದು ಸಂಜೆ ಮರಳುತ್ತಾಳೆ. ಇನ್ನೊಬ್ಬ ಅದೇ ವಯಸ್ಸಿನವನು ಬೋಟಿನಲ್ಲಿ ಕಲಾಸಿ. ಬಲೆ ಎಳೆದಾದ ಮೇಲೆ ಡೆಕ್ಕಿನಲ್ಲಿ ಕುಕ್ಕರಗಾಲಲ್ಲಿ ಕೂತು ಬಂಗುಡೆ ಬೇರೆ, ಬೂತಾಯಿ ಬೇರೆ ಎಂದು ಆಯುತ್ತಾನೆ. ಆಳಸಮುದ್ರದ ಬೋಟಾದರೆ ಹತ್ತು ದಿನ ದಡ ಕಾಣುವುದಿಲ್ಲ. ಜಾಹೀರಾತು ಮಾತಾಡುವುದು ಅವಳೊಂದಿಗೆ, ಬಿಸಿಲು ಬೀಳುವುದು ಇವನ ಮೇಲೆ. ಇಪ್ಪತ್ತರ ಚರ್ಮದ ಆರೈಕೆ ಎಂಬ ವಿಷಯದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಈ ಅದಲುಬದಲು.

ಚರ್ಮಕ್ಕೆ ಬಿಸಿಲು ಏನು ಮಾಡುತ್ತದೆ ಎಂಬುದನ್ನು ಒಮ್ಮೆ ನೋಡಿಬಿಡೋಣ. ನೆಲ ಮುಟ್ಟುವ ಅತಿನೇರಳೆ ಕಿರಣಗಳಲ್ಲಿ ಎರಡು ಜಾತಿ. ಗಿಡ್ಡ ಅಲೆಯ ಯುವಿ-ಬಿ ಚರ್ಮದ ಮೇಲ್ಪದರದಲ್ಲೇ ಹೆಚ್ಚು ಕೆಲಸ ಮಾಡುತ್ತದೆ. ಉರಿ, ಕೆಂಪು, ಸಿಪ್ಪೆ ಏಳುವುದು ಅದರ ಲಕ್ಷಣ. ಡಿ ವಿಟಮಿನ್ ಹುಟ್ಟಿಸುವುದೂ ಅದೇ. ಉದ್ದ ಅಲೆಯ ಯುವಿ-ಎ ಸದ್ದಿಲ್ಲದೆ ಒಳಪದರದವರೆಗೆ ಇಳಿಯುತ್ತದೆ. ಚರ್ಮಕ್ಕೆ ಬಿಗಿ ಕೊಡುವ ಕೊಲಾಜನ್ ಎಂಬ ನಾರು ಇರುವುದು ಅಲ್ಲಿ. ಕಿರಣ ತಾಗಿದಾಗ ಆ ನಾರನ್ನು ಕತ್ತರಿಸುವ ಕಿಣ್ವಗಳು ಚುರುಕಾಗುತ್ತವೆ, ಹೊಸ ನಾರು ಹುಟ್ಟುವುದು ನಿಧಾನವಾಗುತ್ತದೆ. ದೇಹ ತಾನಾಗಿಯೇ ಪ್ರಾಯದೊಂದಿಗೆ ಕೊಲಾಜನ್ ಕಳೆದುಕೊಳ್ಳುತ್ತ ಹೋಗುತ್ತದೆ. ಬಿಸಿಲು ಆ ಕೆಲಸಕ್ಕೆ ಕೈ ಜೋಡಿಸುತ್ತದೆ, ಅಷ್ಟೆ. ಯುವಿ-ಬಿಯನ್ನು ಮಾಮೂಲಿ ಗಾಜು ತಡೆಯುತ್ತದೆ, ಯುವಿ-ಎಯನ್ನು ಅಷ್ಟಾಗಿ ತಡೆಯುವುದಿಲ್ಲ. 2012ರಲ್ಲಿ ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಒಂದು ಚಿತ್ರ ಪ್ರಕಟಿಸಿತ್ತು. 28 ವರ್ಷ ಸರಕಿನ ಟ್ರಕ್ ಓಡಿಸಿದ 69ರ ಚಾಲಕನ ಮುಖ ಅದು. ಕಿಟಕಿಯ ಕಡೆಗಿದ್ದ ಎಡಗೆನ್ನೆ ಇನ್ನೊಂದು ಗೆನ್ನೆಗಿಂತ ತುಂಬಾ ವರ್ಷ ಹಿರಿದಾಗಿ, ಗಂಟು ಗಂಟಾಗಿ ಜೋತುಬಿದ್ದಿತ್ತು. ನಮ್ಮ ಬಸ್ಸು ಲಾರಿಗಳಲ್ಲಿ ಸ್ಟೀರಿಂಗ್ ಬಲಕ್ಕಿದೆ. ಸಿಟಿ ಬಸ್ಸಿನ ಹಳೆಯ ಚಾಲಕರ ಬಲ ಮೊಣಕೈಯನ್ನು ಎಡದ್ದರ ಪಕ್ಕ ಇಟ್ಟು ನೋಡಿದರೆ ಕರಾವಳಿಯ ಆವೃತ್ತಿ ಸಿಕ್ಕೀತು.

ಇಲ್ಲೊಂದು ಮೋಸವಿದೆ. ಸೆಕೆಯೇ ಬಿಸಿಲು ಎಂದು ನಾವು ತಿಳಿದಿದ್ದೇವೆ. ಅತಿನೇರಳೆ ಕಿರಣಕ್ಕೂ ಮೈಗೆ ತಿಳಿಯುವ ಬಿಸಿಗೂ ನೇರ ಸಂಬಂಧವಿಲ್ಲ. ಕಲಬುರಗಿಯ ಮೇ ತಿಂಗಳಿಗೆ ಹೋಲಿಸಿದರೆ ಮಂಗಳೂರಿನ ಉಷ್ಣಾಂಶ ಏನೇನೂ ಅಲ್ಲ, ಮಧ್ಯಾಹ್ನ ಕಡಲಗಾಳಿ ಬೀಸಿದ ಮೇಲಂತೂ ಬೆಂಗ್ರೆಯ ದಡ ಹಿತವಾಗಿಯೇ ಇರುತ್ತದೆ. ಆ ಗಾಳಿ ಬೆವರನ್ನು ಆರಿಸುತ್ತದೆ, ಕಿರಣವನ್ನು ಕಡಿಮೆ ಮಾಡುವುದಿಲ್ಲ. ಜೊತೆಗೆ ಮರಳು, ನೊರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಒಣ ಮರಳು ಅತಿನೇರಳೆಯ ಶೇ 15ರಷ್ಟನ್ನು, ಸಮುದ್ರದ ನೊರೆ ಶೇ 25ರಷ್ಟನ್ನು ಹಿಂದಕ್ಕೆ ಎಸೆಯುತ್ತವೆ. ಕೊಡೆ ಹಿಡಿದು ದಡದಲ್ಲಿ ಕೂತವರಿಗೆ ಗದ್ದದ ಕೆಳಗಿನಿಂದ ಬಿಸಿಲು ತಾಗುವುದು ಹೀಗೆ. ತೆಳು ಮೋಡವೂ ಹೆಚ್ಚೇನೂ ತಡೆಯುವುದಿಲ್ಲ. ಜೂನ್, ಜುಲೈ ತಿಂಗಳಿನ ಕಪ್ಪು ಮೋಡದ ಮಾತು ಬೇರೆ. ಜಡಿಮಳೆಯ ದಿನವೂ ಸನ್‌ಸ್ಕ್ರೀನ್ ಹಚ್ಚಲೇಬೇಕು ಎಂದು ಹೆದರಿಸುವವರು ನಮ್ಮ ಆಟಿ ತಿಂಗಳನ್ನು ನೋಡಿಲ್ಲ. ಯಾಂತ್ರೀಕೃತ ಮೀನುಗಾರಿಕೆಗೆ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿರುವುದರಿಂದ ಮೀನಿನ ಮರಿಗಳಂತೆ ಬೋಟಿನವರ ಚರ್ಮಕ್ಕೂ ಅದೇ ರಜೆ.

ಇನ್ನು ನಮ್ಮ ಬಣ್ಣದ ವಿಚಾರ. ಮೆಲನಿನ್ ಹೆಚ್ಚಿರುವ ಚರ್ಮಕ್ಕೆ ಹುಟ್ಟಿನಿಂದಲೇ ಒಂದಿಷ್ಟು ಕಾಪು ಇದೆ. ಬಿಳಿಯರಲ್ಲಿ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಅಪರೂಪವಾಗಿರುವುದಕ್ಕೆ, ಸುಕ್ಕು ತಡವಾಗಿ ಬರುವುದಕ್ಕೆ ಅದೇ ಕಾರಣ. ಹಾಗೆಂದು ಬಿಸಿಲು ನಮ್ಮನ್ನು ಬಿಟ್ಟಿದೆ ಎಂದಲ್ಲ. ಬಿಳಿಯರಿಗೆ ಮೊದಲು ಗೆರೆ ಮೂಡಿದರೆ ನಮಗೆ ಮೊದಲು ಬಣ್ಣ ಕೆಡುತ್ತದೆ. ಕೆನ್ನೆಯ ಮೇಲೆ ಬಂಗು, ಕಣ್ಣ ಸುತ್ತ ಕಪ್ಪು, ಹಣೆ ಒಂದು ಬಣ್ಣ, ಕುತ್ತಿಗೆ ಇನ್ನೊಂದು ಬಣ್ಣ. ಮೊಡವೆ ಮಾಗಿದ ಜಾಗದ ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಬಂಗಿಗೆ ಹಾರ್ಮೋನು, ಬಸಿರು, ವಂಶ ಎಲ್ಲವೂ ಕಾರಣವಾದರೂ ಅದಕ್ಕೆ ಎಣ್ಣೆ ಹೊಯ್ಯುವುದು ಬೆಳಕು. ಅತಿನೇರಳೆ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಗಾಢ ಬಣ್ಣದ ಚರ್ಮವನ್ನು ಕಪ್ಪಾಗಿಸಬಲ್ಲದು ಎಂದು ಪ್ರಯೋಗಗಳು ತೋರಿಸಿವೆ. ಅದನ್ನು ತಡೆಯುವುದು ಐರನ್ ಆಕ್ಸೈಡ್ ಬೆರೆಸಿದ, ಮಣ್ಣಿನ ಬಣ್ಣದ ‘ಟಿಂಟೆಡ್’ ಸನ್‌ಸ್ಕ್ರೀನ್. ಬಂಗು ಶುರುವಾದವರು ಅಂಗಡಿಯಲ್ಲಿ ಕೇಳಬೇಕಾದ್ದು ಇದನ್ನು. ಮುಖಕ್ಕೆ ಬೂದಿ ಬಳಿದಂತೆ ಕಾಣುವ ಬಿಳಿ ಪದರದ ತೊಂದರೆಯೂ ಇದರಲ್ಲಿ ಕಡಿಮೆ.

‘ಮುಖದ ಮುಪ್ಪಿನ ಶೇ 80ರಷ್ಟು ಬಿಸಿಲಿನಿಂದ’ ಎಂಬ ವಾಕ್ಯವನ್ನು ಎಲ್ಲ ಕಡೆ ಓದುತ್ತೇವೆ. ಆ ಅಂಕಿಗೆ ಸಾಮಾನ್ಯವಾಗಿ ತೋರಿಸುವ ಆಧಾರ 2013ರ ಒಂದು ಫ್ರೆಂಚ್ ಅಧ್ಯಯನ. 298 ಬಿಳಿಯ ಮಹಿಳೆಯರನ್ನು ಬಿಸಿಲು ಬಯಸುವವರು, ಬಿಸಿಲಿಗೆ ಹೆದರುವವರು ಎಂದು ವಿಂಗಡಿಸಿ ಮುಖ ಹೋಲಿಸಿದ್ದರು. ತಪ್ಪು ಅಧ್ಯಯನವಲ್ಲ, ಆದರೆ ಅದರಲ್ಲಿ ನಮ್ಮಂಥ ಮುಖ ಒಂದೂ ಇರಲಿಲ್ಲ. ಇನ್ನೊಂದು ಮಾತೂ ಚಾಲ್ತಿಯಲ್ಲಿದೆ. ಬದುಕಿನ ಬಿಸಿಲಿನ ಬಹುಪಾಲನ್ನು ಹದಿನೆಂಟರೊಳಗೇ ತಿಂದು ಮುಗಿಸಿರುತ್ತೇವೆ ಎಂಬುದು. ಮುಂದೆ ಲೆಕ್ಕ ಹಾಕಿ ನೋಡಿದವರಿಗೆ ಅಮೆರಿಕನ್ನರಲ್ಲಿ ಅದು ಕಾಲು ಭಾಗಕ್ಕಿಂತ ಹೆಚ್ಚಿಲ್ಲ ಎಂದು ತಿಳಿಯಿತು. ಉಳಿದ ಮುಕ್ಕಾಲು ಪಾಲು ಹದಿನೆಂಟರ ನಂತರ ಬರುವಂಥದ್ದು. ಇಪ್ಪತ್ತರಲ್ಲಿ ಶುರು ಮಾಡಿ ಎನ್ನುವುದಕ್ಕೆ ನನಗೆ ಸರಿಯೆನಿಸುವ ಕಾರಣ ಇದೊಂದೇ. ಮೂವತ್ತರಲ್ಲಿ, ನಲವತ್ತರಲ್ಲಿ ಶುರು ಮಾಡಿದವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಸನ್‌ಸ್ಕ್ರೀನ್ ಮುಪ್ಪನ್ನು ತಡೆಯುತ್ತದೆ ಎನ್ನಲು ಪುರಾವೆ ಎಂದು ಕೈಯಲ್ಲಿ ಹಿಡಿಯಬಹುದಾದ ಪ್ರಯೋಗ ಒಂದೇ ಇದೆ, ಅದರ ಕಥೆ ಸ್ವಲ್ಪ ಬಿಡಿಸಿ ಹೇಳುವಂಥದ್ದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ನ್ಯಾಂಬೋರ್ ಎಂಬ ಪುಟ್ಟ ಊರು. ಬಿಸಿಲಿನ ಊರು, ಬಿಳಿ ಚರ್ಮದ ಜನ, ಚರ್ಮದ ಕ್ಯಾನ್ಸರ್ ಹೇರಳ. 1992ರಲ್ಲಿ ಅಡೆಲ್ ಗ್ರೀನ್ ಎಂಬ ವೈದ್ಯ ಸಂಶೋಧಕಿ ಮತ್ತು ಅವರ ತಂಡ ಊರಿನ 1,600ಕ್ಕೂ ಹೆಚ್ಚು ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿನವರು ದಿನಾ ಬೆಳಗ್ಗೆ ತಲೆ, ಕುತ್ತಿಗೆ, ತೋಳು, ಕೈಗಳಿಗೆ ಸನ್‌ಸ್ಕ್ರೀನ್ ಹಚ್ಚಬೇಕು, ಇನ್ನೊಂದು ಪಾಲಿನವರು ತಮಗೆ ಬೇಕೆನಿಸಿದಾಗ ಹಚ್ಚಿದರೆ ಸಾಕು. ಕ್ಯಾನ್ಸರಿಗಾಗಿ ಶುರುವಾದ ಪ್ರಯೋಗ ಅದು. ಮುಪ್ಪಿನ ಪ್ರಶ್ನೆಗೆ ಅವರು 55 ವರ್ಷದೊಳಗಿನ 903 ಜನರನ್ನು ಆರಿಸಿಕೊಂಡು ಮುಂಗೈಯ ಹಿಂಬದಿಯ ಚರ್ಮದ ಅಚ್ಚನ್ನು ಸಿಲಿಕೋನಿನಲ್ಲಿ ತೆಗೆದು, ನಾಲ್ಕೂವರೆ ವರ್ಷದ ನಂತರ ಮತ್ತೆ ತೆಗೆದು, ಗೆರೆಗಳ ಆಳವನ್ನು ಹೋಲಿಸಿದರು. ಫಲಿತಾಂಶ 2013ರಲ್ಲಿ ‘ಆ್ಯನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ನಲ್ಲಿ ಬಂತು. ದಿನಾ ಹಚ್ಚಿದವರ ಚರ್ಮದಲ್ಲಿ ಆ ಅವಧಿಯಲ್ಲಿ ಮುಪ್ಪು ಹೆಚ್ಚಿದ್ದು ಕಾಣಲಿಲ್ಲ, ಇನ್ನೊಂದು ಪಾಲಿನವರಿಗಿಂತ ಶೇ 24ರಷ್ಟು ಕಡಿಮೆ. ಅದೇ ಪ್ರಯೋಗದಲ್ಲಿ ಬೀಟಾ ಕ್ಯಾರೊಟಿನ್ ಗುಳಿಗೆಯನ್ನೂ ಕೊಟ್ಟಿದ್ದರು, ಅದರಿಂದ ಏನೂ ಆಗಲಿಲ್ಲ. ಅವರು ಹಚ್ಚಿದ ಸನ್‌ಸ್ಕ್ರೀನಿನ ಎಸ್‌ಪಿಎಫ್ 50, 70 ಯಾವುದೂ ಅಲ್ಲ, ಹದಿನೈದು ಹದಿನಾರರ ಮಟ್ಟದ್ದು. ದಿನಾ ಹಚ್ಚಿದ್ದರಿಂದ ಫಲ ಸಿಕ್ಕಿತು.

ಎಸ್‌ಪಿಎಫ್ ಅಂಕಿ ಏರಿದಂತೆ ಲಾಭ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಸರಿಯಾಗಿ ಹಚ್ಚಿದರೆ 15 ಎಂದಿರುವುದು ಉರಿಸುವ ಕಿರಣದ ಶೇ 93ರಷ್ಟನ್ನು ತಡೆಯುತ್ತದೆ, 30 ಎಂದಿರುವುದು ಶೇ 97, 50 ಎಂದಿರುವುದು ಶೇ 98. ತೊಡಕಿರುವುದು ‘ಸರಿಯಾಗಿ’ ಎಂಬಲ್ಲಿ. ಪ್ರಯೋಗಾಲಯದಲ್ಲಿ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆಯುತ್ತಾರೆ, ಜನ ಹಚ್ಚುವುದು ಅದರ ಅರ್ಧ ಅಥವಾ ಇನ್ನೂ ಕಡಿಮೆ. ಆದ್ದರಿಂದ 30 ಇಲ್ಲವೇ 50 ಕೊಳ್ಳುವುದರಲ್ಲಿ ಅರ್ಥವಿದೆ, ಕಡಿಮೆ ಹಚ್ಚಿದರೂ ಒಂದಿಷ್ಟು ಉಳಿಯಲಿ ಎಂದು. ಎಸ್‌ಪಿಎಫ್ ಯುವಿ-ಬಿಯ ಅಳತೆ ಮಾತ್ರ. ಯುವಿ-ಎಗಾಗಿ ‘ಬ್ರಾಡ್ ಸ್ಪೆಕ್ಟ್ರಮ್’ ಎಂದೋ ಪಿಎ ಮುಂದೆ ಮೂರು ನಾಲ್ಕು ಕೂಡಿಸುವ ಚಿಹ್ನೆಯೋ ಇದೆಯೇ ನೋಡಬೇಕು. ಆ ಚಿಹ್ನೆ ಜಪಾನಿನ ಪದ್ಧತಿ. ಇನ್ನು ಡಬ್ಬಿಯ ಮೇಲಿನ ಅಂಕಿಯನ್ನೇ ಎಷ್ಟು ನಂಬಬೇಕು? 2025ರ ಜೂನಿನಲ್ಲಿ ಆಸ್ಟ್ರೇಲಿಯಾದ ‘ಚಾಯ್ಸ್’ ಗ್ರಾಹಕ ಸಂಸ್ಥೆ 20 ಸನ್‌ಸ್ಕ್ರೀನ್‌ಗಳನ್ನು ಪರೀಕ್ಷೆಗೆ ಹಾಕಿದಾಗ 16 ತಮ್ಮ ಅಂಕಿ ಮುಟ್ಟಲಿಲ್ಲ. 50+ ಎಂದು ಬರೆದುಕೊಂಡಿದ್ದ ಒಂದು ಬರೀ 4 ತೋರಿಸಿತು. ಸನ್‌ಸ್ಕ್ರೀನನ್ನು ಔಷಧದ ಕಟ್ಟುನಿಟ್ಟಿನಲ್ಲಿ ನೋಡುವ ದೇಶದ ಸ್ಥಿತಿ ಇದು. ನಮ್ಮಲ್ಲಿ ಅದು ಕಾನೂನಿನ ಪ್ರಕಾರ ಸೌಂದರ್ಯವರ್ಧಕ.

ಇಷ್ಟಾದ ಮೇಲೆ ದುಡ್ಡಿನ ಲೆಕ್ಕ. ಫೆರಿಯಲ್ಲಿ ಹೋಗುವ ಹುಡುಗಿಗೆ ಮುಖ, ಕುತ್ತಿಗೆಗೆ ಒಂದು ಗ್ರಾಂ ಮೇಲೆ ಸ್ವಲ್ಪ ಬೇಕು. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎಳೆದ ಎರಡು ಗೆರೆ. ಬೆಳಗ್ಗೆ ಒಂದು ಸಲವಾದರೆ 50 ಗ್ರಾಂ ಟ್ಯೂಬ್ ಒಂದೂವರೆ ತಿಂಗಳು ಬರುತ್ತದೆ. ಈಗ ಕಲಾಸಿಯ ಲೆಕ್ಕ ಹಾಕಿ. ಮುಖ, ಕಿವಿ, ಕುತ್ತಿಗೆಯ ಹಿಂದು ಮುಂದು, ಎರಡು ತೋಳು, ಮುಂಗೈ ಸೇರಿದರೆ ಪ್ರಯೋಗಾಲಯದ ಅಳತೆಯಲ್ಲಿ ಒಂದು ಸಲಕ್ಕೆ ಎಂಟು ಗ್ರಾಂ. ಬೆವರು, ಉಪ್ಪುನೀರು ತೊಳೆಯುವುದರಿಂದ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ದಿನಕ್ಕೆ ನಾಲ್ಕು ಸಲ. ಟ್ಯೂಬು ಎರಡು ದಿನಕ್ಕೆ ಸಾಲದು. ಮುನ್ನೂರು ನಾನೂರು ರೂಪಾಯಿಯ ಟ್ಯೂಬನ್ನು ಎರಡು ದಿನಕ್ಕೊಂದರಂತೆ ಹಿಂಡಿ ಬಲೆ ಎಳೆಯುವುದು ಯಾರಿಂದಲೂ ಆಗುವ ಕೆಲಸವಲ್ಲ. ಹಗ್ಗ ಹಿಡಿಯುವ ಕೈ ಜಾರುತ್ತದೆ, ಕಣ್ಣಿಗೆ ಇಳಿದು ಉರಿಯುತ್ತದೆ. ಹಚ್ಚಿಕೋ ಮಾರಾಯ ಎಂದು ಹೇಳಿದವರನ್ನು ಬೋಟಿನಲ್ಲಿ ಇಡೀ ಸೀಸನ್ ತಮಾಷೆ ಮಾಡಿಯಾರು, ಅದರಲ್ಲಿ ತಪ್ಪೂ ಇಲ್ಲ. ಬಿಸಿಲಿನಲ್ಲಿ ದುಡಿಯುವವರಿಗೆ ಸನ್‌ಸ್ಕ್ರೀನ್ ಮೊದಲ ಉತ್ತರ ಆಗಲಾರದು.

ಬಟ್ಟೆಯೇ ಮೊದಲ ಉತ್ತರ. ಇದನ್ನು ಕರಾವಳಿ ಮೊದಲೇ ಅರಿತಿತ್ತು. ಗದ್ದೆಗೆ ಇಳಿಯುವವರು ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟರು, ಕಡಲಿಗೆ ಹೋಗುವವರು ಬೈರಾಸು ಮುಂಡಾಸು ಕಟ್ಟಿದರು. ಒಣಮೀನು ಹರಡುವ, ದಕ್ಕೆಯಲ್ಲಿ ಮೀನು ಮಾರುವ ಹೆಂಗಸರು ಸೆರಗನ್ನೋ ಶಾಲನ್ನೋ ತಲೆಯ ಮೇಲೆಳೆದು ಅದರ ಮೇಲೆ ಬುಟ್ಟಿ ಹೊತ್ತರು. ಆದರೆ ಮುಟ್ಟಾಳೆ ನೆತ್ತಿ ಕಾಯುತ್ತದೆ, ಮೂಗು ಕಿವಿ ಕಾಯುವುದಿಲ್ಲ. ಇಂದಿನ ಕ್ರಿಕೆಟ್ ಟೋಪಿಯ ಕಥೆಯೂ ಅದೇ, ಹಣೆಗೆ ನೆರಳು, ಕುತ್ತಿಗೆಗೆ ಬಿಸಿಲು. ಸುತ್ತಲೂ ಮೂರು ಇಂಚಿನಷ್ಟು ಅಂಚಿರುವ ಟೋಪಿ, ಗಾಳಿಗೆ ಹಾರದಂತೆ ಗದ್ದಕ್ಕೊಂದು ದಾರ, ಇಷ್ಟಿದ್ದರೆ ಮುಖದ ಕೆಲಸ ಅರ್ಧ ಮುಗಿಯಿತು. ಅಂಗಿಯ ವಿಷಯದಲ್ಲಿ ನಮ್ಮ ನಂಬಿಕೆ ಸ್ವಲ್ಪ ತಿರುಗಬೇಕು. ತೆಳು ಬಿಳಿ ಹತ್ತಿ ಬನಿಯನ್ನು ತಂಪು, ಆದರೆ ಕಿರಣ ತಡೆಯುವುದರಲ್ಲಿ ಬಡವ. ಒದ್ದೆಯಾದರೆ ಇನ್ನೂ ಬಡವ. ದಟ್ಟ ನೇಯ್ಗೆಯ, ಗಾಢ ಬಣ್ಣದ ಬಟ್ಟೆ ಹೆಚ್ಚು ತಡೆಯುತ್ತದೆ. ಪಾಲಿಯೆಸ್ಟರ್ ಅತಿನೇರಳೆಯನ್ನು ಚೆನ್ನಾಗಿ ಹೀರುವ ನೂಲು. ಫುಟ್‌ಬಾಲ್ ಹುಚ್ಚಿನ ಹುಡುಗರು ಬೋಟಿಗೂ ತೊಟ್ಟು ಹೋಗುವ ತುಂಬುತೋಳಿನ ಜೆರ್ಸಿ, ಯಾವ ದೇಶದ ತಂಡದ್ದೇ ಆಗಿರಲಿ, ಬೆಂಗ್ರೆಯಲ್ಲಿ ಸಿಗುವ ಅಗ್ಗದ ಮತ್ತು ಒಳ್ಳೆಯ ಆ್ಯಂಟಿ-ಏಜಿಂಗ್ ಸಾಮಗ್ರಿ. ಜೆರ್ಸಿ ತೊಟ್ಟ ಮೇಲೆ ಕ್ರೀಮು ಬೇಕಾಗುವುದು ಮುಖ, ಕಿವಿ, ಮುಂಗೈಯ ಹಿಂಬದಿಗೆ ಮಾತ್ರ. ಅಲ್ಲಿಗೆ ಖರ್ಚೂ ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಮೀನು ಆಯುವ ಡೆಕ್ಕಿನ ಮೇಲೆ ಒಂದು ಟಾರ್ಪಾಲು ಎಳೆದರೆ ಅದಕ್ಕಿಂತಲೂ ಹೆಚ್ಚಿನ ಉಳಿತಾಯ. ಇದು ಕಲಾಸಿಯ ಕೈಯಲ್ಲಿಲ್ಲ, ಬೋಟಿನ ಮಾಲೀಕರು, ಬೋಟು ನಡೆಸುವ ತಾಂಡೇಲರು ಮನಸ್ಸು ಮಾಡಬೇಕು. ಮಂಜುಗಡ್ಡೆ ಕರಗದಂತೆ ಮೀನಿಗೆ ಕೊಡುವ ನೆರಳಿನ ಕಾಳಜಿ ಮೀನು ಆಯುವವನಿಗೂ ಸಲ್ಲಬೇಕು ಎಂದು ಕೇಳುವುದು ದುಬಾರಿ ಬೇಡಿಕೆಯಲ್ಲ.

ತೆಂಗಿನೆಣ್ಣೆಯ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. 2010ರಲ್ಲಿ ನಮ್ಮ ದೇಶದ ಸಂಶೋಧಕರೇ ಪ್ರಯೋಗಾಲಯದ ಉಪಕರಣದಲ್ಲಿ ಅಳೆದು ತೆಂಗಿನೆಣ್ಣೆಗೆ ಏಳರಷ್ಟು ಎಸ್‌ಪಿಎಫ್ ಇದೆ ಎಂದು ಬರೆದರು. ಅಂದಿನಿಂದ ಅದು ವಾಟ್ಸ್‌ಆ್ಯಪಿನಲ್ಲಿ ಓಡಾಡುತ್ತಿದೆ. ಅದು ದ್ರಾವಣವಾಗಿ ಅಳೆದ ಅಂಕಿ, ಮನುಷ್ಯನ ಚರ್ಮದ ಮೇಲೆ ಅಳೆದದ್ದಲ್ಲ. ಉಪ್ಪುನೀರಿನಿಂದ ಒಡೆದ ಕೈಕಾಲಿಗೆ ರಾತ್ರಿ ತೆಂಗಿನೆಣ್ಣೆಯಷ್ಟು ಒಳ್ಳೆಯದು ಬೇರೆ ಇಲ್ಲ. ಬಿಸಿಲಿಗೆ ಅದನ್ನು ನಂಬಬಾರದು.

ಹುಡುಗಿಯ ಕಡೆಗೆ ಬರೋಣ. ನಮ್ಮಲ್ಲಿ ಇಪ್ಪತ್ತರ ಚರ್ಮದ ಆರೈಕೆ ನಿಜವಾಗಿ ಶುರುವಾಗುವುದು ಯಾವ ತಿಂಗಳಲ್ಲಿ ಎಂದರೆ ಮದುವೆ ನಿಶ್ಚಯವಾದ ತಿಂಗಳಲ್ಲಿ. ಕೊಂಕಣಿ ಕ್ರೈಸ್ತರಲ್ಲಿ ತೆಂಗಿನ ಹಾಲೆರೆಯುವ ರೋಸ್, ಇತರರಲ್ಲಿ ಅರಿಶಿನ, ಮದರಂಗಿ, ಇವೆಲ್ಲ ಒಂದೆರಡು ದಿನದ ಸಂತೋಷ, ಯಾರಿಗೂ ನಷ್ಟವಿಲ್ಲ. ಅದರ ಹಿಂದಿನ ಮೂರು ತಿಂಗಳ ‘ಬೆಳ್ಳಗಾಗುವ’ ಅವಸರ ಅಪಾಯ. ಫೇರ್ ಅಂಡ್ ಲವ್ಲಿ 1975ರಲ್ಲಿ ಬಂದು 2020ರಲ್ಲಿ ಹೆಸರು ಬದಲಿಸಿಕೊಂಡಿತು. ಹೆಸರು ಹೋದರೂ ಆಸೆ ಹೋಗಲಿಲ್ಲ. ಮೆಡಿಕಲ್‌ನಲ್ಲಿ ಚೀಟಿಯಿಲ್ಲದೆ ಸಿಗುವ, ಗೆಳತಿ ಹೇಳಿದ, ವಾರದೊಳಗೆ ಮುಖ ಹೊಳೆಯಿಸುವ ಟ್ಯೂಬಿನಲ್ಲಿ ಸಾಮಾನ್ಯವಾಗಿ ಇರುವುದು ಸ್ಟೀರಾಯ್ಡ್. ಮೊದಲು ಬೆಳ್ಳಗಾಗುತ್ತದೆ. ತಿಂಗಳುಗಳು ಕಳೆದಂತೆ ಚರ್ಮ ತೆಳ್ಳಗಾಗಿ ನರ ಕಾಣುತ್ತದೆ, ಮೊಡವೆ, ಕೂದಲು ಬರುತ್ತವೆ, ಬಿಸಿಲು ತಾಗಿದರೆ ಉರಿ, ಬಿಟ್ಟರೆ ಇನ್ನೂ ಉರಿ. ನಮ್ಮ ದೇಶದ ಚರ್ಮವೈದ್ಯರು ಈ ಮುಖಕ್ಕೆ ಒಂದು ರೋಗದ ಹೆಸರನ್ನೇ ಇಡಬೇಕಾಗಿ ಬಂತು. 2011ರಲ್ಲಿ ಪ್ರಕಟವಾದ ಅವರ ಸಮೀಕ್ಷೆಯಲ್ಲಿ ಮುಖದ ತೊಂದರೆಯೆಂದು ಬಂದ 2,926 ಜನರಲ್ಲಿ 433 ಮಂದಿ ಸ್ಟೀರಾಯ್ಡ್ ಹಚ್ಚುತ್ತಿದ್ದರು. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸೋಲ್ ಎಂದು ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಇದ್ದರೆ ಅದು ಸೌಂದರ್ಯದ ಸಾಮಾನಲ್ಲ.

ಇದಕ್ಕಿಂತ ಕೆಟ್ಟದ್ದು ಲೇಬಲ್ಲೇ ಇಲ್ಲದ ಡಬ್ಬಿ. ಕೊಲ್ಲಿಯಿಂದ ಬರುವ ಸೂಟ್‌ಕೇಸಿನಲ್ಲಿ, ಆನ್‌ಲೈನಿನಲ್ಲಿ, ಫ್ಯಾನ್ಸಿ ಅಂಗಡಿಯ ಹಿಂದಿನ ಕಪಾಟಿನಲ್ಲಿ ಇದು ಸಿಗುತ್ತದೆ. ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನ ಕಿಡ್ನಿ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್ ನಡುವೆ ಕಿಡ್ನಿಯ ಜರಡಿ ಕೆಟ್ಟು ಬಂದ 22 ಜನರನ್ನು ಗಮನಿಸಿದರು. ಅವರಲ್ಲಿ 15 ಮಂದಿಗೆ ಒಂದು ಅಪರೂಪದ ಬಗೆಯ ಕಾಯಿಲೆ. ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದುದನ್ನು ಒಪ್ಪಿಕೊಂಡರು. ಕ್ರೀಮಿನಲ್ಲಿದ್ದದ್ದು ಪಾದರಸ. ಕೇರಳದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿಗಳಿಗೆ ದಾಳಿ ಮಾಡಿತು. ತಲಪಾಡಿಯ ಗಡಿ ಇಂಥ ಡಬ್ಬಿಗಳನ್ನು ತಡೆಯುತ್ತದೆ ಎಂದು ನಂಬಲು ಕಾರಣವಿಲ್ಲ.

ಸೀರಮ್‌ಗಳ ವಿಷಯ ಚುಟುಕಾಗಿ ಮುಗಿಸಬಹುದು. ವಿಟಮಿನ್ ಸಿ ಗಾಳಿ, ಬೆಳಕು, ಸೆಕೆ ಮೂರಕ್ಕೂ ಕೆಡುತ್ತದೆ, ಮಂಗಳೂರಿನ ಏಪ್ರಿಲಿನಲ್ಲಿ ಕಪಾಟಿನಲ್ಲಿಟ್ಟ ಬಾಟಲಿ ಕಂದಾಗಿದ್ದರೆ ಹಚ್ಚಿ ಪ್ರಯೋಜನವಿಲ್ಲ. ರೆಟಿನಾಯ್ಡುಗಳಿಗೆ, ಅದರಲ್ಲೂ ವೈದ್ಯರ ಚೀಟಿಯ ಟ್ರೆಟಿನಾಯಿನ್‌ಗೆ, ಬಿಸಿಲಿನಿಂದ ಕೆಟ್ಟ ಚರ್ಮ ಸುಧಾರಿಸಿದ ಪುರಾವೆ 1980ರ ದಶಕದಿಂದಲೂ ಇದೆ. ಅದು ರಾತ್ರಿ ಹಚ್ಚುವಂಥದ್ದು, ಬಸಿರಿನಲ್ಲಿ, ಬಸಿರಿಗೆ ಯೋಚಿಸುವವರಿಗೆ ಬೇಡ. ಇಪ್ಪತ್ತೆರಡರ ಮುಖಕ್ಕೆ ಮೊಡವೆಗಾಗಿ ವೈದ್ಯರು ಕೊಟ್ಟರೆ ಸರಿ, ಇಲ್ಲದ ಸುಕ್ಕಿಗಾಗಿ ಅವಸರ ಏನೂ ಇಲ್ಲ. ಬೀಡಿ, ಸಿಗರೇಟು ಚರ್ಮವನ್ನು ಬೇಗ ಮುದಿಯಾಗಿಸುವುದು ಹಳೆಯ ಸಂಗತಿ. ಅದನ್ನು ಬಿಡಲು ಕಾಸು ಬೇಕಾಗಿಲ್ಲ, ಕಾಸು ಉಳಿಯುತ್ತದೆ. ಮತ್ತೆ ಫೆರಿಯ ಹುಡುಗಿ ದಾಟುವುದು ಬಿಸಿಲು ಏರುವ ಮೊದಲು, ಇಳಿದ ನಂತರ. ಅವಳಿಗೆ ಬೆಳಗಿನ ಎರಡು ಬೆರಳಿನ ಸನ್‌ಸ್ಕ್ರೀನ್, ಮಧ್ಯಾಹ್ನ ಹೊರಗೆ ಹೋದರೆ ಕೊಡೆ, ಇಷ್ಟು ಸಾಕು. ಐದು ಡಬ್ಬಿಯ ದುಡ್ಡು ಉಳಿದರೆ ಅಣ್ಣನಿಗೋ ತಮ್ಮನಿಗೋ ಒಂದು ಒಳ್ಳೆಯ ಟೋಪಿ, ಯುವಿ 400 ಎಂದು ಬರೆದ ಕಪ್ಪು ಕನ್ನಡಕ ಬರುತ್ತದೆ.

ಕನ್ನಡಕ ಅಂದದ ಮಾತಲ್ಲ. ಮೂಗಿನ ಕಡೆಯಿಂದ ಕಣ್ಣಿನ ಕಪ್ಪುಭಾಗದ ಮೇಲೆ ಹಬ್ಬುವ ಮಾಂಸದ ಪೊರೆ ನೀರಿನ ಮೇಲೆ, ಮರಳಿನ ಮೇಲೆ ವರ್ಷಾನುಗಟ್ಟಲೆ ದುಡಿದವರಲ್ಲಿ ಹೆಚ್ಚು ಕಾಣುತ್ತದೆ. ಅದಕ್ಕೆ ಬಿಸಿಲೇ ಮುಖ್ಯ ಕಾರಣ. ಕೆಳತುಟಿಯೂ ಆಕಾಶಕ್ಕೆ ಮುಖಮಾಡಿರುವ ಭಾಗ. ಬಿರಿದು, ಬಿಳಿಚಿ, ಮೂರು ವಾರವಾದರೂ ಮಾಯದ ಹುಣ್ಣಾದರೆ ವೆನ್‌ಲಾಕ್ ಆಸ್ಪತ್ರೆಗೋ ಪೇಟೆಯ ಯಾವುದಾದರೂ ಮೆಡಿಕಲ್ ಕಾಲೇಜಿನ ಚರ್ಮ ವಿಭಾಗಕ್ಕೋ ತೋರಿಸಬೇಕು. ಎಲೆಅಡಿಕೆ ಜಗಿಯುವವರಂತೂ ತಡ ಮಾಡಬಾರದು. ಬರಿಗಾಲಿನಲ್ಲಿ ಮರಳು ತುಳಿಯುವ ಊರಿನಲ್ಲಿ ನೋಡಿಕೊಳ್ಳಬೇಕಾದ ಇನ್ನೊಂದು ಜಾಗ ಅಂಗಾಲು. ನಮ್ಮಂಥ ಬಣ್ಣದವರಿಗೆ ಮೆಲನೋಮ ಎಂಬ ಕ್ಯಾನ್ಸರ್ ಬಂದರೆ ಸಾಮಾನ್ಯವಾಗಿ ಬಿಸಿಲು ಬೀಳದ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುತ್ತದೆ. 1981ರಲ್ಲಿ 36ರ ಪ್ರಾಯದಲ್ಲಿ ತೀರಿಕೊಂಡ ಗಾಯಕ ಬಾಬ್ ಮಾರ್ಲಿಗೆ ಅದು ಶುರುವಾದದ್ದು ಕಾಲ್ಬೆರಳಿನ ಉಗುರಿನಡಿಯಲ್ಲಿ, ಮೊದಲು ಆಟದಲ್ಲಿ ಆದ ಗಾಯವೆಂದೇ ತಿಳಿದಿದ್ದರು. ಅಂಗಾಲಿನಲ್ಲಿ ಹೊಸದಾಗಿ ಮೂಡಿ ದೊಡ್ಡದಾಗುತ್ತಿರುವ ಕಪ್ಪು ಮಚ್ಚೆಗೆ ಯಾವ ಸನ್‌ಸ್ಕ್ರೀನೂ ಆಗದು, ವೈದ್ಯರೇ ನೋಡಬೇಕು.